ಡಬ್ಬಿಯ ಮೇಲಿನ ಹೆಬ್ಬೆರಳು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಚಿಕ್ಕಂದಿನಲ್ಲಿ ಮೇವು ಕೊಯ್ಯುವಾಗ ಕುಡುಗೋಲು ತಗುಲಿ ಸೀಳಿದ್ದು, ಆಮೇಲೆ ಕೂಡಿಕೊಳ್ಳಲೇ ಇಲ್ಲವಂತೆ. ಆ ಸೀಳಿನೊಳಗೆ ದಾರ ಸಿಕ್ಕಿಸಿಕೊಂಡು ಅವರು ಹೂವು ಕಟ್ಟುತ್ತಿದ್ದರು. ಬೇರೆ ಹೂವಿನವರು ಕಾಲಿನ ಬೆರಳಿಗೆ ದಾರ ಸುತ್ತಿಕೊಂಡರೆ ಇವರಿಗೆ ಆ ಉಗುರೇ ಸಾಕು. ನಮ್ಮ ಗೇಟಿನ ಮೆಟ್ಟಿಲ ಮೇಲೆ ಕುಳಿತು, ನನ್ನೊಡನೆ ಮಾತಾಡುತ್ತ, ಬೆರಳುಗಳ ಕಡೆ ನೋಡದೆಯೇ ಮೊಳಗಟ್ಟಲೆ ಕನಕಾಂಬರ ಕಟ್ಟಿಬಿಡುತ್ತಿದ್ದರು. ಅವರ ಮುಖ ಈಚೆಗೆ ನನಗೆ ಸರಿಯಾಗಿ ನೆನಪಾಗುವುದಿಲ್ಲ. ಆ ಹೆಬ್ಬೆರಳು ಮಾತ್ರ ಗೆರೆಗೆರೆಯೂ ನೆನಪಿದೆ. ಯಾಕೆಂದರೆ ಅದನ್ನು ನಾನು ಮಾರಿಕೊಂಡೆ.

ನಮ್ಮ ಬೀದಿಯವರೆಲ್ಲ ಅವರನ್ನು ಹೂವಿನಮ್ಮ ಎನ್ನುತ್ತಿದ್ದರು. ತಮಿಳುನಾಡಿನ ಗಡಿಯಲ್ಲಿ, ಬಾಗಲೂರಿನಿಂದಾಚೆ ಒಂದು ಸಣ್ಣ ಊರು ಅವರದು. ಮೊದಲ ಬಸ್ಸಿಗೆ ಹೊಸೂರಿಗೆ ಬಂದಿಳಿದು, ಬುಟ್ಟಿ ಹೊತ್ತು ಬೀದಿಬೀದಿ ಸುತ್ತಿ, ಮಧ್ಯಾಹ್ನದ ಹೊತ್ತಿಗೆ ಹಿಂತಿರುಗುತ್ತಿದ್ದರು. ಬದುಕಿದ್ದಾಗ ನಮ್ಮ ಮನೆಯಲ್ಲಿ ಅವರನ್ನು 'ಬಂದಳು, ಹೋದಳು' ಎಂದೇ ಹೇಳುತ್ತಿದ್ದೆವು. ಈಗ ಬರೆಯಲು ಕುಳಿತರೆ 'ಅವರು' ತಾನಾಗಿಯೇ ಬರುತ್ತಿದೆ. ತಪ್ಪು ಮಾಡಿದವರಿಗೆ ಮರ್ಯಾದೆ ತಡವಾಗಿ ನೆನಪಾಗುತ್ತದೆ, ಅಷ್ಟೇ.

ಮೊಳ ಅಳೆದ ಮೇಲೆ ಒಂದು ಗೇಣು ಹೂವು ಹೆಚ್ಚಿಗೆ ಬಿಟ್ಟೇ ಕತ್ತರಿಸುವುದು ಅವರ ಅಭ್ಯಾಸ. "ಕೊಸರು ಇಕ್ದಿದ್ರೆ ಹೂವು ಬಾಡ್ತದೆ ಕಣಮ್ಮ" ಎನ್ನುತ್ತಿದ್ದರು. ಕಾಫಿ ಕೊಟ್ಟರೆ ಸಕ್ಕರೆ ಸಾಲದು ಎಂದು ಲೋಟ ವಾಪಸು ಕೊಡುವಷ್ಟು ಸಲಿಗೆ. ಮೂರು ಭಾಷೆಯನ್ನೂ ನೀರು ಕುಡಿದಂತೆ ಆಡುತ್ತಿದ್ದರು. ಒಮ್ಮೆ ನಾನು ಯಾವ ಭಾಷೆ ನಿಮ್ಮದು ಎಂದು ಕೇಳಿದ್ದಕ್ಕೆ, ಬೈಯೋಕೆ ತೆಲುಗು, ಯಾಪಾರಕ್ಕೆ ತಮಿಳು, ಸುಖದುಃಖಕ್ಕೆ ಕನ್ನಡ ಎಂದಿದ್ದರು. ನನ್ನೊಡನೆ ಯಾವತ್ತೂ ಕನ್ನಡವೇ ಆಡಿದರು. ಬೈಯಬೇಕಾದ ದಿನವೂ ತೆಲುಗು ಆಡಲಿಲ್ಲ.

ನಾನು ಆಗ ಹೊಸೂರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು. ಸೀಮೆಸುಣ್ಣದ ಧೂಳಿಗೋ ಏನೋ, ನನ್ನ ಅಂಗೈ ಒಡೆದು ರಕ್ತ ಜಿನುಗುತ್ತಿತ್ತು. ಹಿಟ್ಟು ಕಲಸುವ ಹಾಗಿಲ್ಲ, ಬಟ್ಟೆ ಒಗೆಯುವ ಹಾಗಿಲ್ಲ. ಚರ್ಮದ ಡಾಕ್ಟರು ಕೊಟ್ಟ ಟ್ಯೂಬುಗಳು ಹಚ್ಚಿದಷ್ಟು ದಿನ ಕೇಳಿ, ಬಿಟ್ಟ ಮರುದಿನ ಕೈಕೊಡುತ್ತಿದ್ದವು. ಒಂದು ದಿನ ಹೂವಿಗೆ ಕೈಚಾಚಿದಾಗ ಹೂವಿನಮ್ಮ ನನ್ನ ಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಭಾನುವಾರ ಊರಿಗೆ ಬಾ, ಬರುವಾಗ ನಿನ್ನದೇ ಒಂದು ಡಬ್ಬಿ ತಗೊಂಡು ಬಾ ಎಂದರು.

ಅವರು ಮದ್ದು ಕೊಡುತ್ತಾರೆ ಎಂದು ನನಗೆ ಗೊತ್ತಾದದ್ದೇ ಆಗ. ಆ ಕಡೆಯ ಊರುಗಳ ಹೆಂಗಸರಲ್ಲಿ ಅರ್ಧಕ್ಕರ್ಧ ಗುಲಾಬಿ ಬೆಳೆಯುವ ಪಾಲಿಹೌಸುಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಹೂವಿನಮ್ಮನ ಸೊಸೆಯೂ ಹೋಗುತ್ತಿದ್ದಳು. ದಿನವಿಡೀ ಮುಳ್ಳಿನ ಕಡ್ಡಿ ಕತ್ತರಿಸಿ, ಔಷಧಿ ಸಿಂಪಡಿಸಿದ ಎಲೆ ಮುಟ್ಟಿ ಕೈ ಕೀವಾಗುವುದು, ತುರಿಸುವುದು ಎಲ್ಲರಿಗೂ ಇದ್ದದ್ದೇ. ಸಂಜೆ ಅವರೆಲ್ಲ ಹೂವಿನಮ್ಮನ ಜಗುಲಿಗೆ ಬರುತ್ತಿದ್ದರು. ನಾನು ಹೋದ ದಿನವೂ ಐದಾರು ಜನ ಡಬ್ಬಿ ಹಿಡಿದು ಕುಳಿತಿದ್ದರು.

ಹೂವಿನಮ್ಮ ನನ್ನ ಕೈಯನ್ನು ಬಿಸಿಲಿಗೆ ಹಿಡಿದು ನೋಡಿದರು, ಮೂಸಿದರು. ಯಾವ ಸೋಪು, ರಾತ್ರಿ ಕೈ ಬೆವರುತ್ತಾ, ಮನೆಯಲ್ಲಿ ಯಾರಿಗಾದರೂ ಹೀಗೆ ಇತ್ತಾ ಎಂದೆಲ್ಲ ಕೇಳಿದರು. ಆಮೇಲೆ ಕುಪ್ಪಿಗಿಡದ ರಸ ಹಾಕಿ ಕಾಯಿಸಿದ ಹೊಂಗೆ ಎಣ್ಣೆಗೆ ಜೇನುಮೇಣ ಕರಗಿಸಿ, ನನ್ನ ಕೈಗೆಂದೇ ಹರಳೆಣ್ಣೆ ಹೆಚ್ಚಿಗೆ ಬೆರೆಸಿ ಡಬ್ಬಿಗೆ ಹಾಕಿಕೊಟ್ಟರು. ನನ್ನ ಪಕ್ಕದಲ್ಲಿದ್ದವಳ ಗಾಯ ಜಿನುಗುತ್ತಿತ್ತು. ಅವಳಿಗೆ ಮೇಣ ಕಡಿಮೆ, ಅರಿಶಿನ ಹೆಚ್ಚು. ಇನ್ನೊಬ್ಬಾಕೆಯ ಕಾಲು ನೋಡಿದವರೇ, ಇದು ನನ್ನ ಕೈಯಲ್ಲಿ ಆಗುವುದಲ್ಲ, ಇವತ್ತೇ ಆಸ್ಪತ್ರೆಗೆ ಹೋಗು ಎಂದು ಬರಿಗೈಯಲ್ಲಿ ಎಬ್ಬಿಸಿ ಕಳಿಸಿದರು.

ದುಡ್ಡು ತೆಗೆಯಹೋದೆ. ಅಲ್ಲಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು, ಏನೋ ಅಸಹ್ಯ ಮಾಡಿದೆ ಎಂಬಂತೆ. ಆ ಮದ್ದಿಗೆ ಮೂರು ಕಟ್ಟುಪಾಡು, ಅವರ ಅತ್ತೆಯ ಕಾಲದಿಂದ ಬಂದದ್ದು. ಮಾರಬಾರದು. ಕಣ್ಣಿನಿಂದ ನೋಡದೆ ಕೊಡಬಾರದು. ಮದ್ದು ತಗೊಂಡವರು ಹೊರಡುವಾಗ 'ಬರ್ತೀನಿ' ಅನ್ನಬಾರದು. ಅಂದರೆ ರೋಗವೂ ಜೊತೆಗೆ ತಿರುಗಿ ಬರುತ್ತದೆ. ನಾವು ಯಾರ ಮನೆಯಿಂದ ಹೊರಟರೂ ಬಾಯಿಗೆ ಮೊದಲು ಬರುವ ಮಾತೇ ಅದು. ನಾನು 'ಬರ್' ಎನ್ನುವಷ್ಟರಲ್ಲಿ ಸೊಸೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲರೂ ನಕ್ಕರು. ಟೀಚರಮ್ಮನಿಗೇ ಪಾಠ ಆಯಿತು ಎಂದು ಹೂವಿನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಒಂದೂವರೆ ತಿಂಗಳಲ್ಲಿ ನನ್ನ ಕೈ ಮಗುವಿನ ಕೈಯ ಹಾಗಾಯಿತು.

ಆಮೇಲೆ ಕೊರೊನಾ ಬಂತು. ಶಾಲೆ ಮುಚ್ಚಿತು. ಮೊದಲು ಅರ್ಧ ಸಂಬಳ, ಆಮೇಲೆ ಫೋನಿನಲ್ಲಿ ಒಂದು ಕ್ಷಮೆಯ ಮೆಸೇಜು. ಯಜಮಾನರ ಕಾರ್ಖಾನೆಯಲ್ಲೂ ಶಿಫ್ಟು ಕಡಿಮೆಯಾಗಿತ್ತು. ಮನೆಯಲ್ಲಿ ಕುಳಿತು ಫೋನು ನೋಡುತ್ತಿದ್ದರೆ, ಯಾರೋ ಮನೆಯಲ್ಲೇ ಸೋಪು ಮಾಡಿ ಮಾರುತ್ತಾರೆ, ಇನ್ಯಾರೋ ಕೂದಲಿನ ಎಣ್ಣೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅದನ್ನೇ ಡಬ್ಬಿಗೆ ತುಂಬಿ ಲೇಬಲ್ ಅಂಟಿಸಿದರೆ ಮದ್ದಾಗುತ್ತದೆ ಎಂದು ನನಗೆ ಹೊಳೆದದ್ದು ಆಗ.

ಇಲ್ಲಿ ನಾನು ನಾಜೂಕು ಮಾಡದೆ ಬರೆಯಬೇಕು. ಹೂವಿನಮ್ಮನಿಗೆ ನಾನು ಸುಳ್ಳು ಹೇಳಿದೆ. ನನ್ನ ಜೊತೆಯ ಟೀಚರುಗಳಿಗೆಲ್ಲ ಕೈ ಒಡೆದಿದೆ, ಬಸ್ಸಿಲ್ಲದೆ ನಿಮ್ಮ ಹತ್ತಿರ ಬರಲಾರರು, ನನಗೆ ಕಲಿಸಿಕೊಟ್ಟರೆ ಹಂಚುತ್ತೇನೆ ಎಂದೆ. ಅವರು ಒಂದು ಗಳಿಗೆಯೂ ಅನುಮಾನ ಪಡಲಿಲ್ಲ. ಮನೆಯವಳಿಗೇ ಕಲಿಸಬೇಕಿತ್ತು, ಸೊಸೆಗೆ ಇದರ ಮೇಲೆ ಮನಸ್ಸಿಲ್ಲ ಎಂದರು. ಆಮೇಲೆ ಒಂದು ಮಾತು ಹೇಳಿದರು:

"ನೀನು ಟೀಚರು. ಪಾಠ ಹೇಳ್ಕೊಡೋದೆ ನಿನ್ ಕೆಲ್ಸ. ನಿನ್ ಕೈಗೆ ಕೊಟ್ರೆ ಇದು ಮಾರಾಟಕ್ ಓಗಾಕಿಲ್ಲ, ನಂಗೊತ್ತು."

ಆ ಮಾತು ಕೇಳಿಯೂ ನಾನು ತಲೆ ಆಡಿಸಿದೆ.

ಆರೇಳು ಭಾನುವಾರ ಸ್ಕೂಟರಿನಲ್ಲಿ ಹೋಗಿ ಕಲಿತೆ. ಬೇಲಿಯ ಸಾಲಿನಲ್ಲಿ ಕುಪ್ಪಿಗಿಡವನ್ನು ಅದರ ಹಾಗೇ ಇರುವ ಬೇರೆ ಗಿಡಗಳಿಂದ ಬೇರೆ ಮಾಡುವುದು ಹೇಗೆ, ರಸ ಎಷ್ಟು, ಎಣ್ಣೆ ಎಷ್ಟು. ಎಣ್ಣೆ ಹದಕ್ಕೆ ಬಂತೇ ಎಂದು ನೋಡಲು ಹತ್ತಿಯ ಬತ್ತಿಯನ್ನು ಅದ್ದಿ ಹಚ್ಚುವುದು. ಚಟಚಟ ಎಂದರೆ ಇನ್ನೂ ನೀರಿದೆ, ಸುಮ್ಮನೆ ಉರಿದರೆ ಇಳಿಸಬಹುದು. ಜೇನುಮೇಣವನ್ನು ತಳಿ ಎಂಬ ಊರಿನ ಕಡೆಯ ಕಾಡಂಚಿನವರು ತಂದುಕೊಡುತ್ತಿದ್ದರು, ಅವರ ಗುರುತನ್ನೂ ಹೇಳಿಕೊಟ್ಟರು. ನಾನು ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಕೈ ನೋಡುವುದನ್ನು ಕಲಿಸಲು ಶುರುಮಾಡಿದಾಗ ಮಾತ್ರ ನನಗೆ ಹೊತ್ತಾಗುತ್ತಿತ್ತು. ಅದಕ್ಕೆ ವರ್ಷಗಟ್ಟಲೆ ಜೊತೆಯಲ್ಲಿ ಕೂರಬೇಕು ಎಂದಿದ್ದರು. ನನಗೆ ಅದು ಬೇಕಿರಲಿಲ್ಲ. ಕೊನೆಯ ಭಾನುವಾರ ಅವರು ಹೂವು ಕಟ್ಟುತ್ತಿದ್ದಾಗ ಫೋನಿನಲ್ಲಿ ಅವರ ಕೈಯ ಫೋಟೋ ತೆಗೆದುಕೊಂಡೆ. ಯಾಕೆ ಎಂದು ಕೇಳಿದರು. ಚೆನ್ನಾಗಿದೆ ಅದಕ್ಕೆ ಎಂದೆ. ಈ ಮುದಿ ಬೆರಳಲ್ಲಿ ಏನು ಚೆನ್ನ ಕಂಡೆಯೋ ಎಂದು ನಾಚಿಕೊಂಡರು.

ಆ ಫೋಟೋ ಲೇಬಲ್ ಆಯಿತು. ಸೀಳಿದ ಹೆಬ್ಬೆರಳು, ಅದರಲ್ಲಿ ದಾರ, ಕೆಳಗೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೆಸರು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅದೂ ಜಾಹೀರಾತೇ ಆಗುತ್ತದೆ. 'ಎಲ್ಲ ಬಗೆಯ ಬಿರುಕು, ಗಾಯಗಳಿಗೆ' ಎಂಬ ಸಾಲು ನನ್ನ ಸ್ವಂತದ್ದು. ಒಂದೇ ಹದ, ಒಂದೇ ಡಬ್ಬಿ, ಎಲ್ಲರಿಗೂ. ಮೊದಲು ಬೀದಿಯವರು ಕೊಂಡರು, ಆಮೇಲೆ ಫೋನಿನಲ್ಲಿ ನೋಡಿದ ಬೆಂಗಳೂರಿನವರು, ಆಮೇಲೆ ಅಂಗಡಿಗಳು. ಶಾಲೆ ತೆರೆದು ಕರೆ ಬಂದಾಗ ನಾನು ಹೋಗಲಿಲ್ಲ. ಮನೆಯ ಹಿಂದೆ ಒಂದು ಶೀಟಿನ ಶೆಡ್ಡು ಹಾಕಿಸಿ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡೆ. ಹೂವಿನಮ್ಮ ಬೆಳಿಗ್ಗೆ ಬರುವ ಹೊತ್ತಿಗೆ ಶೆಡ್ಡಿನ ಬಾಗಿಲು ಮುಚ್ಚಿಸುತ್ತಿದ್ದೆ. ಕಳ್ಳನಿಗೊಂದು ಪಿಳ್ಳೆ ನೆವ. ಧೂಳು ಬರುತ್ತದೆ ಎಂದು ಆ ಹೆಂಗಸರಿಗೆ ಹೇಳುತ್ತಿದ್ದೆ.

ಮುಚ್ಚಿದ ಬಾಗಿಲು ಏನು ಮಾಡೀತು? ಡಬ್ಬಿ ಬಾಗಲೂರಿನ ಅಂಗಡಿಗೂ ಹೋಯಿತು. ಪಾಲಿಹೌಸಿನಲ್ಲಿ ಜೊತೆಯವಳೊಬ್ಬಳು ಕೈಗೆ ಹಚ್ಚಿಕೊಳ್ಳುತ್ತಿದ್ದ ಡಬ್ಬಿಯ ಮೇಲೆ ಸೊಸೆ ತನ್ನ ಅತ್ತೆಯ ಹೆಬ್ಬೆರಳು ಕಂಡಳು. ತಾನೂ ಒಂದು ಕೊಂಡು ಮನೆಗೆ ತಂದಳು. ಮರುದಿನ ಬೆಳಿಗ್ಗೆ ಹೂವಿನಮ್ಮ ಎಂದಿನಂತೆ ಬಂದು ಮೆಟ್ಟಿಲ ಮೇಲೆ ಕುಳಿತರು. ಎರಡು ಮೊಳ ಹೂವು ಅಳೆದರು, ಕೊಸರು ಬಿಟ್ಟರು, ಬುಟ್ಟಿಯ ಅಡಿಯಿಂದ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು. ಸಂಬಳ ನಿಂತದ್ದು, ಮಕ್ಕಳ ಫೀಸು, ಏನೇನೋ ಹೇಳಿದೆ. ಅವರು ಕೇಳಿಸಿಕೊಂಡರು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ ಎಂದರು. ಆಮೇಲೆ ಮೆಲ್ಲಗೆ ಕೇಳಿದರು:

"ಬೆರಳು ಮಾರ್ದೆ, ಓಗ್ಲಿ. ಕಣ್ಣ ಯಾವ್ ಡಬ್ಬೀಲಿ ಇಕ್ಕಿದೀಯ ಟೀಚರಮ್ಮ?"

ಅವರು ಎರಡು ಮಾತು ಹೇಳಿ ಎದ್ದರು. ನೋಡದೆ ಕೊಡಬೇಡ, ಅದರಲ್ಲೂ ಶುಗರ್ ಇರುವವರ ಕಾಲಿಗೆ ಇದು ಕೂಡದು. ನನ್ನ ಬೆರಳನ್ನು ತೆಗೆದುಬಿಡು, ಊರಿನವರು ನಾನೇ ಮಾರುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಆಗಲಿ, ಆಗಲಿ ಎಂದೆ. ಮನಸ್ಸಿನಲ್ಲೂ ಆಗಲಿ ಎಂದೇ ಇತ್ತು, ಸುಳ್ಳಲ್ಲ. ಆದರೆ ಅಚ್ಚಾದ ಲೇಬಲ್ಲುಗಳು ಎರಡು ಪೆಟ್ಟಿಗೆ ಉಳಿದಿದ್ದವು. ಅವು ಮುಗಿಯಲಿ, ಹೊಸದರಲ್ಲಿ ಸರಿಮಾಡೋಣ ಎಂದುಕೊಂಡೆ. ಮಕ್ಕಳು ಹೋಮ್‌ವರ್ಕ್ ನಾಳೆ ತರುತ್ತೇನೆ ಎಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು.

ಆ ಎರಡು ಪೆಟ್ಟಿಗೆ ಮುಗಿಯುವಷ್ಟರಲ್ಲಿ ಆಗಬಾರದ್ದು ಆಯಿತು.

ಹೂವಿನಮ್ಮನ ಪಕ್ಕದ ಮನೆಯಾಕೆಗೆ ಶುಗರ್ ಇತ್ತು. ಹಿಮ್ಮಡಿ ಬಿರಿದು, ಕಾಲಿನ ಬೆರಳಿನ ಸಂದಿಯಲ್ಲಿ ಗಾಯವಾಯಿತು. ಹಿಂದೆಲ್ಲ ಆಗಿದ್ದರೆ ಗೋಡೆಯಾಚೆ ಕೂಗಿ ಕರೆದು ಕಾಲು ತೋರಿಸುತ್ತಿದ್ದಳು, ಹೂವಿನಮ್ಮ ನೋಡಿದವರೇ ಆಸ್ಪತ್ರೆಗೆ ಓಡಿಸುತ್ತಿದ್ದರು. ಆದರೆ ಈಗ ಊರಿಗೆಲ್ಲ ಗೊತ್ತಿತ್ತು, ಹೂವಿನಮ್ಮನ ಬೆರಳು ಅಂಗಡಿಯಲ್ಲಿದೆ ಎಂದು. ಅಂಗಡಿಯಲ್ಲಿ ಮಾರುವವಳ ಹತ್ತಿರ ಬಿಟ್ಟಿ ಕೇಳುವುದು ಹೇಗೆ ಎಂದು ಆ ಮಾನವಂತೆ ಸಂಕೋಚಪಟ್ಟು, ಗಂಡನನ್ನು ಕಳಿಸಿ ಬಾಗಲೂರಿನಿಂದ ಡಬ್ಬಿ ತರಿಸಿದಳು. ನಂಬಿದ ಬೆರಳಿನ ಮದ್ದು ಎಂದು ವಾರಗಟ್ಟಲೆ ಹಚ್ಚಿದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾಲಿನ ಎರಡು ಬೆರಳು ಉಳಿಸುವ ಹಾಗಿರಲಿಲ್ಲ.

ಇದು ನನಗೆ ತಿಳಿದದ್ದು ಹೀಗೆ. ಹೂವಿನಮ್ಮ ನಾಲ್ಕು ದಿನ ಬರಲಿಲ್ಲ. ಮೈ ಹುಷಾರಿಲ್ಲವೇನೋ ಎಂದು ಸ್ಕೂಟರು ಹತ್ತಿ ಹೋದೆ. ಅವರ ಮನೆಯ ಮುಂದೆ ಜನ ಸೇರಿದ್ದರು. ಆ ಪಕ್ಕದ ಮನೆಯ ಗಂಡಸು ಡಬ್ಬಿಯನ್ನು ಎತ್ತಿ ಹಿಡಿದು ಕೂಗಾಡುತ್ತಿದ್ದ. ನಿಮ್ಮತ್ತೆ ಕಾಲದಿಂದ ಬಿಟ್ಟಿ ಕೊಟ್ಟ ಮದ್ದನ್ನು ಮಾರಿಕೊಂಡು ತಿಂದೆ, ಅದಕ್ಕೇ ದೇವರು ನಿನ್ನ ಕೈಗುಣ ಕಿತ್ತುಕೊಂಡ, ನಮ್ಮವಳ ಕಾಲು ಹೋಯಿತು ಎನ್ನುತ್ತಿದ್ದ. ಹೂವಿನಮ್ಮ ಜಗುಲಿಯ ಮೇಲೆ, ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕುಳಿತಿದ್ದರು. ಅವರ ಹೆಬ್ಬೆರಳನ್ನು ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಗುಂಪಿನ ಹಿಂದೆ ನಿಂತಿದ್ದೆ. ನಾಲ್ಕು ಹೆಜ್ಜೆ ಮುಂದೆ ಬಂದು 'ಮಾರಿದ್ದು ನಾನು' ಎಂದರೆ ಮುಗಿಯುತ್ತಿತ್ತು. ಯಾರೋ ನನ್ನನ್ನು ನೋಡಿ ನೀವು ಯಾರು ಎಂದು ಕೇಳಿದರು. ಉತ್ತರ ಹೇಳಿದ್ದು ಹೂವಿನಮ್ಮ:

"ನಮ್ ಟವುನಿನ ಗಿರಾಕಿ. ಹೂವಿಗ್ ಬಂದವ್ರೆ, ಪಾಪ. ಕೊಟ್ ಕಳುಸ್ರಿ."

ಸೊಸೆ ನನ್ನ ಮುಖ ನೋಡದೆ ಎರಡು ಮೊಳ ಸೇವಂತಿಗೆ ತಂದು ಕೊಟ್ಟಳು. ನಾನು ತೆಗೆದುಕೊಂಡೆ. ಸ್ಕೂಟರು ತಿರುಗಿಸಿದೆ. ಜೀವಮಾನದಲ್ಲಿ ನಾನು ಮಾಡಿದ ಅತಿ ನೀಚ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಸುಳ್ಳು ಹೇಳಿ ಮದ್ದು ಕಲಿತದ್ದಲ್ಲ. ಆ ಹೂವನ್ನು ಕೈಯಲ್ಲಿ ಹಿಡಿದುಕೊಂಡು ಹೊರಟದ್ದು.

ಮನೆಗೆ ಬಂದವಳೇ ಉಳಿದ ಲೇಬಲ್ಲುಗಳನ್ನೆಲ್ಲ ಸುಟ್ಟೆ. ಎರಡು ಪೆಟ್ಟಿಗೆ ಮುಗಿಯಲಿ ಎಂದು ಕಾಯುತ್ತಿದ್ದವಳಿಗೆ ಆವತ್ತು ಒಂದು ಗಂಟೆ ಸಾಕಾಯಿತು. ಅಂಗಡಿಗಳಿಂದ ಡಬ್ಬಿ ವಾಪಸು ತರಿಸಿದೆ. ಹೊಸ ಲೇಬಲ್ಲಿನಲ್ಲಿ ಬೆರಳಿಲ್ಲ, ಒಂದು ಎಲೆಯ ಚಿತ್ರ. ಶುಗರ್ ಇರುವವರು ಬಳಸಬಾರದು ಎಂದು ಮೂರು ಭಾಷೆಯಲ್ಲಿ ಬರೆಸಿದೆ. ಕೈಕಾಲಿನ ಒಣ ಬಿರುಕಿಗೆ ಮಾತ್ರ ಎಂದು ಹಾಕಿಸಿದೆ. ಬೇಕಾದ ಪರವಾನಗಿಗಳನ್ನೂ ಮಾಡಿಸಿದೆ. ಎಲ್ಲವನ್ನೂ ಸರಿಮಾಡಿದೆ, ಸರಿಮಾಡಬೇಕಾದ ಒಂದನ್ನು ಬಿಟ್ಟು. ಆ ಊರಿಗೆ ಹೋಗಿ ಬಾಯಿ ಬಿಡಲಿಲ್ಲ. ಹೋದರೆ ಪೊಲೀಸು, ಪೇಪರು, ಶೆಡ್ಡಿನ ಹೆಂಗಸರ ಅನ್ನ ಎಂದು ಯಜಮಾನರು ಹೆದರಿಸಿದರು. ಅವರು ಹೆದರಿಸಿದ್ದು ನನಗೆ ಒಳ್ಳೆಯದೇ ಆಯಿತು, ತಪ್ಪು ಹಂಚಿಕೊಳ್ಳಲು ಒಬ್ಬರು ಸಿಕ್ಕರು.

ಹೂವಿನಮ್ಮ ನಮ್ಮ ಬೀದಿಗೆ ಬರುವುದನ್ನು ನಿಲ್ಲಿಸಿದರು. ಮದ್ದು ಕೊಡುವುದನ್ನೂ ನಿಲ್ಲಿಸಿದರಂತೆ. ಅವರ ಬದಲು ಬೇರೊಬ್ಬಾಕೆ ಹೂವು ತರತೊಡಗಿದಳು. ಮೊಳ ಸರಿಯಾಗಿ ಅಳೆದು ಕತ್ತರಿಸುತ್ತಾಳೆ, ಕೊಸರಿಲ್ಲ.

ವರ್ಷ ತಿರುಗುವಷ್ಟರಲ್ಲಿ ನನ್ನ ಕೈ ಮತ್ತೆ ಒಡೆಯಿತು. ಬಿಸಿ ಎಣ್ಣೆಯ ಪಾತ್ರೆ, ಒಗೆಯುವ ಸೋಡಾ ಹಾಕಿದ ನೀರು, ಡಬ್ಬಿ ತೊಳೆಯುವುದು. ನನ್ನದೇ ಮುಲಾಮು ಹಚ್ಚಿದೆ, ಎರಡು ತಿಂಗಳು ಹಚ್ಚಿದೆ. ಊರವರ ಕೈಗೆಲ್ಲ ಕೇಳಿದ ಮದ್ದು ನನ್ನ ಕೈಗೆ ಕೇಳಲಿಲ್ಲ. ನಾಚಿಕೆ ಬಿಟ್ಟು ಒಂದು ಮಧ್ಯಾಹ್ನ ಹೋದೆ. ಕೈ ನೆಪ, ಹೂವಿನಮ್ಮನನ್ನು ನೋಡಬೇಕೆನಿಸಿತ್ತು.

ಅವರು ಇಳಿದುಹೋಗಿದ್ದರು. ಜಗುಲಿಯಲ್ಲಿ ಯಾರೂ ಇರಲಿಲ್ಲ. ನಾನು ಎರಡೂ ಅಂಗೈ ಚಾಚಿದೆ. ಕೊಡುವುದು ಬಿಟ್ಟಿದ್ದೇನೆ ಎನ್ನುತ್ತಾರೆ, ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕೈಯನ್ನು ಬಿಸಿಲಿಗೆ ಹಿಡಿದು ನೋಡಿದರು, ಮೂಸಿದರು, ಸೋಡಾ ನೀರಿನಲ್ಲಿ ಎಷ್ಟು ಹೊತ್ತು ಇರುತ್ತೀಯ ಎಂದು ಕೇಳಿದರು. ಸೊಸೆಯನ್ನು ಕೂಗಿ ಬೇಲಿಯಿಂದ ಸೊಪ್ಪು ತರಿಸಿದರು. ಒಲೆಯ ಮುಂದೆ ಕೂರಲಾರದೆ ಗೋಡೆಗೆ ಒರಗಿಕೊಂಡೇ ಎಣ್ಣೆ ಕಾಯಿಸಿದರು. ಡಬ್ಬಿ ಎಲ್ಲಿ ಎಂದರು. ನನ್ನ ಚೀಲದಲ್ಲಿದ್ದದ್ದು ನನ್ನ ಕಂಪನಿಯ ಖಾಲಿ ಡಬ್ಬಿಯೊಂದೇ. ಅದನ್ನೇ ಕೊಟ್ಟೆ. ಅವರು ತಿರುಗಿಸಿ ನೋಡಿ, ಎಲೆಯ ಚಿತ್ರದ ಮೇಲೆ ಹೆಬ್ಬೆರಳು ಆಡಿಸಿ, ತೆಗೆದುಬಿಟ್ಟೆಯಾ, ಒಳ್ಳೆಯದಾಯಿತು ಎಂದರು. ಅದರೊಳಗೇ ಮದ್ದು ಸುರಿದರು.

ನಾನು ಅಳುತ್ತಿದ್ದೆ. ಅವರು ಅದನ್ನು ಗಮನಿಸದವರಂತೆ, ಪಕ್ಕದ ಮನೆಯವರು ಇನ್ನೂ ಮಾತು ಬಿಟ್ಟಿದ್ದಾರೆ ಎಂದರು. ನಲವತ್ತು ವರ್ಷ ಒಂದೇ ಬಾವಿಯ ನೀರು ಸೇದಿದವರು. ಸಾಯುವ ಮೊದಲು ಆಕೆಯ ಕೈಯಲ್ಲಿ ಒಂದು ಲೋಟ ಕಾಫಿ ಕುಡಿಯಬೇಕು, ಅಷ್ಟೇ ಆಸೆ ಎಂದರು.

"ನಾನ್ ಮಾರ್ಕಂಡಿಲ್ಲ ಅಂತ ನೀನೊಂದ್ ಮಾತು ಬಂದು ಏಳು. ನಾನೇಳುದ್ರೆ ನಂಬಾಕಿಲ್ಲ. ನೀನ್ ಬಯ್ಸ್ಕೊಳ್ದಂಗೆ ನಾನ್ ನೋಡ್ಕೊತೀನಿ."

ಆ ಮನೆಯವರು ತೋಟಕ್ಕೆ ಹೋಗಿದ್ದರು, ಭಾನುವಾರ ಮನೆಯಲ್ಲಿರುತ್ತಾರೆ ಎಂದರು. ಬರುವ ಭಾನುವಾರವೇ ಬಂದು ಹೇಳುತ್ತೇನೆ ಎಂದೆ. ಡಬ್ಬಿ ತೆಗೆದುಕೊಂಡು, ಕಟ್ಟುಪಾಡಿನಂತೆ ಮಾತಿಲ್ಲದೆ ಎದ್ದೆ. ಬಾಗಿಲು ದಾಟುವಾಗ ಹಿಂದಿನಿಂದ ಕರೆದರು.

"ಬತ್ತೀನಿ ಅಂತ ಏಳೋಗು."

ಮದ್ದು ಕೈಯಲ್ಲಿದೆಯಲ್ಲ, ಅನ್ನಬಾರದಲ್ಲ ಎಂದೆ.

"ರೋಗ ತಿರ್ಗಿ ಬಂದ್ರೆ ಬರ್ಲಿ, ನೋಡ್ಕೊಳವ. ನೀನ್ ಬರ್ಬೇಕು."

ಬರ್ತೀನಿ ಎಂದೆ.

ಆ ಭಾನುವಾರ ದೊಡ್ಡದೊಂದು ಆರ್ಡರ್ ಇತ್ತು. ಮುಂದಿನ ಭಾನುವಾರ ಮಗಳ ಪರೀಕ್ಷೆ. ಅದರ ಮುಂದಿನದಕ್ಕೆ ನೆಪ ಏನಿತ್ತೋ ನೆನಪಿಲ್ಲ. ಒಮ್ಮೆ ಸ್ಕೂಟರಿನಲ್ಲಿ ಬಾಗಲೂರಿನ ತನಕ ಹೋಗಿ ಟೀ ಕುಡಿದು ವಾಪಸು ಬಂದೆ. ಅವರು ಕೊಟ್ಟ ಮದ್ದಿಗೆ ನನ್ನ ಕೈ ಆಗಲೇ ವಾಸಿಯಾಗಿತ್ತು. ನೋವು ಇದ್ದಿದ್ದರೆ ಹೋಗುತ್ತಿದ್ದೆನೋ ಏನೋ.

ಹೊಸ ಹೂವಿನಾಕೆ ಒಂದು ಬೆಳಿಗ್ಗೆ ಚಿಲ್ಲರೆ ಹುಡುಕುತ್ತ, ಮೊದಲು ಬರುತ್ತಿದ್ದ ಆ ಅಜ್ಜಿ ತೀರಿಕೊಂಡು ವಾರವಾಯಿತು, ನಿಮಗೆ ಗೊತ್ತಾಗಲಿಲ್ಲವಾ ಎಂದಳು.

ಹನ್ನೊಂದನೆಯ ದಿನಕ್ಕೆ ಹೋದೆ. ಬಿಸಿಲಿಗೆ ಚಪ್ಪರ ಹಾಕಿದ್ದರು. ಜಗುಲಿಯ ಮೇಲೆ ಗೋಡೆಗೆ ಒರಗಿಸಿದ್ದ ಫೋಟೋದಲ್ಲಿ ಮುಖವಷ್ಟೇ ಇತ್ತು, ಕೈ ಇರಲಿಲ್ಲ. ಪಕ್ಕದ ಮನೆಯಾಕೆ ಬಂದು ಒಂದು ಮೂಲೆಯಲ್ಲಿ ಕುಳಿತಿದ್ದಳು, ಕಾಲನ್ನು ಸೀರೆಯೊಳಗೆ ಎಳೆದುಕೊಂಡು. ನಾನು ನೇರ ಹೋಗಿ ಆಕೆಯ ಮುಂದೆ ನೆಲದ ಮೇಲೆ ಕುಳಿತೆ. ಎಲ್ಲವನ್ನೂ ಹೇಳಿದೆ. ಸುಳ್ಳು ಹೇಳಿ ಕಲಿತದ್ದು, ಫೋಟೋ ತೆಗೆದದ್ದು, ಅವರು ಬೆರಳನ್ನು ತೆಗೆ ಎಂದರೂ ತೆಗೆಯದ್ದು. ಅವರು ಅದರಿಂದ ಒಂದು ಕಾಸನ್ನೂ ಮುಟ್ಟಲಿಲ್ಲ ಎಂದೆ. ನಿಮ್ಮ ಕಾಲಿಗೆ ಆದದ್ದಕ್ಕೆ ಹೊಣೆ ನಾನು, ನೀವು ಏನು ಮಾಡಿದರೂ ಸರಿ ಎಂದೆ. ಆಕೆಯ ಗಂಡ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ, ಹತ್ತಿರ ಬರಲಿಲ್ಲ. ನಾನು ಏಟಿಗೆ ಕಾಯುತ್ತಿದ್ದೆ, ನಿಜ ಹೇಳಬೇಕೆಂದರೆ ಏಟು ಬೇಕಿತ್ತು.

ಆಕೆ ಫೋಟೋದ ಕಡೆ ಕೈ ತೋರಿಸಿದಳು.

"ಟೀಚರಮ್ಮ ಬಂದು ಏಳ್ತಾಳೆ, ಅಲ್ಲೀಗಂಟ ನನ್ ಬೈಬ್ಯಾಡ್ರಿ ಅಂತ ಏಳ್ಕಳುಸಿದ್ಲು. ಬಾನುವಾರ ಬಾನುವಾರ ಈ ಜಗುಲಿ ಮೇಲೆ ಕುಂತ್ಕತಿದ್ಲು, ಕಡೇ ಬಸ್ಸು ಬರೋ ಗಂಟ. ನಾನೂ ಒಳುಗ್ನಿಂದ ನೋಡ್ತಿದ್ದೆ, ಬತ್ತಾರೇನೋ ಅಂತ."

ಆಮೇಲೆ, ನೀವು ಬಂದಿರಿ, ಕೇಳಬೇಕಾದವಳು ಇಲ್ಲ ಎಂದು ಎದ್ದು, ಗೋಡೆ ಹಿಡಿದುಕೊಂಡು ತನ್ನ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ಕಾಫಿ ಹಿಡಿದು ವಾಪಸು ಬಂದಳು. ನನಗಲ್ಲ. ಕುಂಟುತ್ತ ಹೋಗಿ ಅದನ್ನು ಫೋಟೋದ ಮುಂದೆ ಇಟ್ಟಳು.

ಸಕ್ಕರೆ ಹೆಚ್ಚಿಗೆ ಹಾಕಿದ್ದೀರಾ ಎಂದು ಕೇಳಬೇಕೆನಿಸಿತು. ನಲವತ್ತು ವರ್ಷ ಜೊತೆಯಲ್ಲಿದ್ದವಳಿಗೆ ನಾನು ಹೇಳಿಕೊಡುವುದೇನಿದೆ ಎಂದು ಸುಮ್ಮನಾದೆ.

ನನ್ನ ಶೆಡ್ಡು ಈಗಲೂ ನಡೆಯುತ್ತಿದೆ. ಮುಚ್ಚಿಬಿಟ್ಟೆ ಎಂದು ಬರೆದರೆ ಈ ಬರಹ ಚೆನ್ನಾಗಿ ಕಾಣುತ್ತಿತ್ತು, ಆದರೆ ಮುಚ್ಚಿಲ್ಲ. ಭಾನುವಾರ ಮಾತ್ರ ಮಾರಾಟದ ಡಬ್ಬಿ ತುಂಬುವುದಿಲ್ಲ. ಆ ದಿನ ಬಂದವರ ಕೈಯನ್ನು ಬಿಸಿಲಿಗೆ ಹಿಡಿದು ನೋಡುತ್ತೇನೆ, ಕಾಸಿಲ್ಲದೆ ಅವರವರ ಡಬ್ಬಿಗೆ ಹಾಕಿಕೊಡುತ್ತೇನೆ. ನೋಡಿದರೂ ನನಗೆ ಅರ್ಧ ಕಾಣುವುದಿಲ್ಲ. ಕಾಣದಿದ್ದರೆ ಆಸ್ಪತ್ರೆಗೆ ಕಳಿಸುತ್ತೇನೆ. ವರ್ಷಗಟ್ಟಲೆ ಜೊತೆಯಲ್ಲಿ ಕೂತು ಕಲಿಯಬೇಕಾದದ್ದನ್ನು ಕಲಿಸುವವರು ಈಗ ಇಲ್ಲ.

ಆವತ್ತು ಚಪ್ಪರದಿಂದ ಎದ್ದು ಹೊರಡುವಾಗ ಸೊಸೆ ಬಾಗಿಲ ತನಕ ಬಂದಳು. ಅಭ್ಯಾಸಬಲದಿಂದ 'ಬರ್ತೀನಿ' ಎಂಬ ಮಾತು ಬಾಯಿಗೆ ಬಂತು. ಸಾವಿನ ಮನೆಯಲ್ಲೂ ಹಾಗೆ ಅನ್ನಬಾರದು. ಅವಳು ಈ ಸಲ ನನ್ನ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತ ನಿಂತಳು. ನಾನೇ ಮಾತನ್ನು ನುಂಗಿಕೊಂಡು ರಸ್ತೆಗೆ ಇಳಿದೆ.